ಓವನ್ ಇಲ್ಲದೆ ಕ್ಯಾರಮೆಲ್, ಕೊಬ್ಬರಿ, ಚಾಕೊಲೇಟ್ ಟ್ರಫಲ್: ಕರಾವಳಿಯ ಸೆಕೆಯಲ್ಲಿ ಉಂಡೆ ಗಟ್ಟಿಯಾಗಿ ನಿಲ್ಲಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಕರಾವಳಿ ಅಡುಗೆ, ಪುತ್ತೂರು

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನನ್ನ ನಾದಿನಿ ಕಳೆದ ಸಲ ಊರಿಗೆ ಬಂದಾಗ, ಅಲ್ಲಿ ಗರ್ಲ್ ಸ್ಕೌಟ್ಸ್ ಹುಡುಗಿಯರು ಮಾರುವ ಸಮೋವಾಸ್ ಎಂಬ ಬಿಸ್ಕತ್ತನ್ನು ತಂದಿದ್ದರು. ನಡುವೆ ತೂತಿರುವ ಬಿಸ್ಕತ್ತಿಗೆ ಕ್ಯಾರಮೆಲ್ ಮತ್ತು ಹುರಿದ ಕೊಬ್ಬರಿ ಮೆತ್ತಿ, ಮೇಲೆ ಚಾಕೊಲೇಟಿನ ಗೆರೆ ಎಳೆದ ತಿಂಡಿ ಅದು. ಬಿಸ್ಕತ್ತಿನ ಪುಡಿಗೆ ಕ್ಯಾರಮೆಲ್ ಮತ್ತು ಕೊಬ್ಬರಿಯನ್ನು ಬೆರೆಸಿ, ಉಂಡೆ ಕಟ್ಟಿ, ಕರಗಿಸಿದ ಚಾಕೊಲೇಟಿನಲ್ಲಿ ಅದ್ದಿ ಟ್ರಫಲ್ ಎಂಬ ಚಾಕೊಲೇಟ್ ಉಂಡೆ ಮಾಡಿದರೆ ಹೆಚ್ಚುಕಡಿಮೆ ಅದೇ ರುಚಿ ಬರುತ್ತದೆ, ಓವನ್ನಿನ ಗೊಡವೆಯೇ ಬೇಡ ಎಂದು ಅವರೇ ಹೇಳಿಕೊಟ್ಟರು.

ಅವರು ಹೇಳಿದ ಕ್ರಮದಲ್ಲಿ, ಕಂಡೆನ್ಸ್ಡ್ ಮಿಲ್ಕ್ ಕಾಯಿಸಿ, ಮನೆಯ ತೆಂಗಿನಕಾಯಿ ತುರಿದು ಹುರಿದು ಮಾಡಿದ ಉಂಡೆಗಳು ಫ್ರಿಜ್ಜಿನಲ್ಲಿ ಇರುವಷ್ಟು ಹೊತ್ತು ಸೊಗಸಾಗಿಯೇ ಇರುತ್ತವೆ. ಆದರೆ ಹೊರಗೆ ತೆಗೆದ ಅರ್ಧ ಗಂಟೆಯೊಳಗೆ ತಳ ಚಪ್ಪಟೆಯಾಗಿ, ಚಾಕೊಲೇಟಿನ ಹೊದಿಕೆಯಲ್ಲಿ ಸಣ್ಣ ಬಿರುಕು ಬಿಟ್ಟು, ಅದರೊಳಗಿಂದ ಕ್ಯಾರಮೆಲ್ ಜಿನುಗಲು ತೊಡಗುತ್ತದೆ. ಮುಂದಿನ ತಿಂಗಳು ಮನೆಯಲ್ಲಿ ಒಂದು ಸಮಾರಂಭವಿದ್ದು, ಬಂದವರಿಗೆ ಕೊಡುವ ಪೊಟ್ಟಣದಲ್ಲಿ ಇವನ್ನು ಇಡಬೇಕೆಂಬ ಆಸೆಯಿದೆ. ನಮ್ಮ ಕಡೆ ಈಗಿನ ಸೆಕೆ ಹೇಗಿರುತ್ತದೆಂದು ನಿಮಗೆಲ್ಲ ಗೊತ್ತೇ ಇದೆ.

ಆದ್ದರಿಂದ ನಾನು ತಿಳಿಯಬೇಕಾದದ್ದು ಇಷ್ಟು: ಕಂಡೆನ್ಸ್ಡ್ ಮಿಲ್ಕ್ ಒಳ್ಳೆಯದೋ, ಸಕ್ಕರೆಯನ್ನೇ ಕರಗಿಸಿ ಮಾಡಿದ ಕ್ಯಾರಮೆಲ್ ಒಳ್ಳೆಯದೋ? ಹಸಿ ಕಾಯಿಯ ಬದಲು ಕೊಬ್ಬರಿಯನ್ನೇ ಬಳಸಬೇಕೇ? ಕಾಂಪೌಂಡ್ ಚಾಕೊಲೇಟ್ ಎಂದು ಮಾರುವುದು ಮತ್ತು ಅಸಲಿ ಚಾಕೊಲೇಟು, ಇವೆರಡರಲ್ಲಿ ನಮ್ಮ ಹವೆಗೆ ಯಾವುದು ಹೊಂದುತ್ತದೆ? ಮೊಟ್ಟೆ ಮತ್ತು ಜೆಲಟಿನ್ ಇರಬಾರದು. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು.


ಉತ್ತರ: ಪಾಕಪ್ರಿಯ, ಮೈಸೂರು

ಕರಾವಳಿ ಅಡುಗೆಯವರೇ, ನಮಸ್ಕಾರ. ನೀವು ವಿವರಿಸಿದ ಲಕ್ಷಣಗಳೆಲ್ಲ ಬೊಟ್ಟು ಮಾಡುವುದು ಒಂದೇ ಕಡೆಗೆ: ಹೂರಣದಲ್ಲಿ ನೀರಿನ ಅಂಶ ಹೆಚ್ಚಾಗಿದೆ. ಚಾಕೊಲೇಟಿನ ವಿಚಾರವನ್ನು ತಿಳಿದವರು ಹೇಳಲಿ. ಹೂರಣ ಸರಿಹೋಗದ ಹೊರತು ಹೊರಗೆ ಎಂಥ ಚಾಕೊಲೇಟ್ ಹೊದಿಸಿದರೂ ಪ್ರಯೋಜನವಿಲ್ಲವೆಂಬುದು ನನ್ನ ಅಭಿಪ್ರಾಯ.

ಕಂಡೆನ್ಸ್ಡ್ ಮಿಲ್ಕಿನಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚೇ ನೀರಿರುತ್ತದೆ. ಅದನ್ನು ಬಣ್ಣ ಬರುವವರೆಗೆ ಮಾತ್ರ ಕಾಯಿಸಿದರೆ ಬ್ರೆಡ್ಡಿಗೆ ಸವರಲು ಯೋಗ್ಯವಾದ ಕ್ಯಾರಮೆಲ್ ಸಿಗುತ್ತದೆಯೇ ಹೊರತು ಉಂಡೆ ಕಟ್ಟಲು ಯೋಗ್ಯವಾದದ್ದು ಸಿಗುವುದಿಲ್ಲ. ಬಣ್ಣ ಬರುವುದೇ ಬೇರೆ, ನೀರು ಇಂಗುವುದೇ ಬೇರೆ. ಬ್ರೆಜಿಲ್ ದೇಶದಲ್ಲಿ ಕಂಡೆನ್ಸ್ಡ್ ಮಿಲ್ಕ್, ಬೆಣ್ಣೆ, ಕೋಕೋ ಪುಡಿ ಸೇರಿಸಿ ಬ್ರಿಗಡೇರೊ ಎಂಬ ಉಂಡೆಯನ್ನು ಮಾಡುತ್ತಾರೆ. ಕೋಕೋ ಬಿಟ್ಟು ಕೊಬ್ಬರಿ ಹಾಕಿ ಮಾಡುವ ಬೇಜಿನ್ಯೂ ಎಂಬುದೂ ಅಲ್ಲಿದೆ. ಅವರು ಮಿಶ್ರಣವನ್ನು ತಳ ಬಿಡುವವರೆಗೆ, ಅಂದರೆ ಸೌಟಿನಿಂದ ಬಾಣಲೆಯ ನಡುವೆ ಗೆರೆ ಎಳೆದಾಗ ತಳ ಕಾಣಿಸಿ, ಗೆರೆ ಮೆಲ್ಲಗೆ ಮುಚ್ಚಿಕೊಳ್ಳುವವರೆಗೆ ಮಗುಚುತ್ತಾರೆ. ನಮ್ಮ ಕಾಯಿ ಬರ್ಫಿಯ ಹದವೂ ಇದೇ ಆದ್ದರಿಂದ, ಬರ್ಫಿ ಮಾಡಿ ಅಭ್ಯಾಸವಿರುವವರಿಗೆ ಇದು ಕಷ್ಟವೇನಲ್ಲ. ನೀವು ಕಂಡೆನ್ಸ್ಡ್ ಮಿಲ್ಕನ್ನೇ ಬಳಸುವುದಾದರೆ 400 ಗ್ರಾಂ ಡಬ್ಬಿಯ ಮುಕ್ಕಾಲು ಭಾಗಕ್ಕೆ 30 ಗ್ರಾಂ ಬೆಣ್ಣೆ ಸೇರಿಸಿ, ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಕೈ ಬಿಡದೆ ಮಗುಚಿ ಈ ಹದಕ್ಕೆ ತನ್ನಿ. ಒಂದು ಕ್ಷಣ ಆಚೀಚೆ ನೋಡಿದರೂ ಹಾಲಿನ ಅಂಶ ತಳ ಹಿಡಿಯುತ್ತದೆ.

ಆದರೂ ನನ್ನ ಒಲವು ಸಕ್ಕರೆಯ ಕ್ಯಾರಮೆಲ್ ಕಡೆಗೇ. ಕಂಡೆನ್ಸ್ಡ್ ಮಿಲ್ಕಿನ ಕಂದು ಬಣ್ಣವು ಹಾಲಿನ ಪ್ರೋಟೀನು ಮತ್ತು ಸಕ್ಕರೆ ಬಿಸಿಗೆ ಕೂಡಿ ಬರುವಂಥದ್ದು. ಅದರ ರುಚಿ ಪೇಡಾದ ಕಡೆಗೆ ವಾಲುತ್ತದೆ. ಸಕ್ಕರೆಯೇ ಕರಗಿ ಕೆಂಪಾದಾಗ ಬರುವ ಸಣ್ಣ ಕಹಿಯ ಅಂಚು ಅದಕ್ಕಿಲ್ಲ. ಕೊಬ್ಬರಿಯೂ ಸಿಹಿ, ಬಿಸ್ಕತ್ತೂ ಸಿಹಿ ಇರುವಾಗ ಆ ಕಹಿಯ ಅಂಚು ಇಲ್ಲದಿದ್ದರೆ ಎರಡನೆಯ ಉಂಡೆ ಬಾಯಿಗೆ ಮಂದವಾಗುತ್ತದೆ.

ಸುಮಾರು 35 ಉಂಡೆಗಳಿಗೆ ನಾನು ಬಳಸುವ ಅಳತೆ ಹೀಗಿದೆ: ಸಕ್ಕರೆ 150 ಗ್ರಾಂ, ಬೆಣ್ಣೆ 60 ಗ್ರಾಂ, ಪೊಟ್ಟಣದ ಕ್ರೀಮ್ 100 ಮಿಲಿಲೀಟರ್, ಉಪ್ಪು ಕಾಲು ಚಮಚ, ಬಿಸ್ಕತ್ತಿನ ಪುಡಿ 200 ಗ್ರಾಂ, ಹುರಿದ ಒಣಕೊಬ್ಬರಿ ತುರಿ 100 ಗ್ರಾಂ. ನಮ್ಮಲ್ಲಿ ಸಿಗುವ ಪೊಟ್ಟಣದ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇಕಡಾ 25ರಷ್ಟು ಮಾತ್ರ ಜಿಡ್ಡಿರುತ್ತದೆ. ವಿದೇಶದ ಪಾಕವಿಧಾನಗಳು ಶೇಕಡಾ 35ಕ್ಕೂ ಮೇಲ್ಪಟ್ಟ ಜಿಡ್ಡಿನ ಕ್ರೀಮನ್ನು ಗಮನದಲ್ಲಿಟ್ಟುಕೊಂಡು ಬರೆದವು. ಅವರ ಅಳತೆಯನ್ನು ಹಾಗೆಯೇ ಹಿಡಿದರೆ ನಾವು ಹೆಚ್ಚುವರಿ ನೀರನ್ನು ಸುರಿದಂತಾಗುತ್ತದೆ, ಅದನ್ನು ಇಂಗಿಸಲು ಇನ್ನಷ್ಟು ಹೊತ್ತು ಕುದಿಸಬೇಕಾಗುತ್ತದೆ.

ಸಕ್ಕರೆಯನ್ನು ನೀರು ಹಾಕದೆ ದಪ್ಪ ತಳದ, ಆಳವಾದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ. ಮೊದಲು ಅಂಚಿನಲ್ಲಿ ಕರಗಲು ತೊಡಗುತ್ತದೆ. ಆಗ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿದರೆ ಸಾಕು. ಜೇನಿನ ಬಣ್ಣ ದಾಟಿ ಕೆಂಗಂದು ಬಣ್ಣಕ್ಕೆ ಬಂದಾಗ, ಅಂದರೆ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಉರಿ ಆರಿಸಿ ಬೆಣ್ಣೆ ಹಾಕಿ ಕದಡಿ. ಆಮೇಲೆ ಬೆಚ್ಚಗೆ ಮಾಡಿಟ್ಟ ಕ್ರೀಮನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಕ್ರೀಮ್ ತಣ್ಣಗಿದ್ದರೆ ಸಕ್ಕರೆ ಒಮ್ಮೆಗೇ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಬೆಚ್ಚಗಿದ್ದರೂ ಜೋರಾಗಿ ಉಕ್ಕಿ ಹಬೆ ಏಳುತ್ತದೆ, ಮುಖವನ್ನು ದೂರವಿಡಿ ಮತ್ತು ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಸಕ್ಕರೆಯ ಪಾಕ ಕೈಗೆ ಸಿಡಿದರೆ ಎಣ್ಣೆಗಿಂತಲೂ ಕೆಟ್ಟದು, ಅಂಟಿಕೊಂಡೇ ಸುಡುತ್ತದೆ.

ಇನ್ನು ಮುಖ್ಯವಾದ ಘಟ್ಟ. ಕ್ರೀಮ್ ಹೊಂದಿಕೊಂಡ ಮೇಲೆ ಹೆಚ್ಚಿನವರು ಒಲೆ ಆರಿಸಿಬಿಡುತ್ತಾರೆ. ಆಗ ಸಿಗುವುದು ಐಸ್‌ಕ್ರೀಮ್ ಮೇಲೆ ಸುರಿಯುವ ಸಾಸ್. ನೀವು ಮತ್ತೆ ಒಲೆ ಹೊತ್ತಿಸಿ, ಅದನ್ನು 118ರಿಂದ 120 ಡಿಗ್ರಿಯವರೆಗೆ ಕುದಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಬಟ್ಟಲಿನ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಹೊರಳಿಸಿ ನೋಡಿ. ಚದುರಿ ಕರಗಿದರೆ ಪಾಕ ಎಳೆಯದು. ಉಂಡೆಯಾಗಿ ನಿಂತು, ನೀರಿನಿಂದ ಮೇಲೆತ್ತಿದಾಗಲೂ ಆಕಾರ ಬಿಡದೆ, ಬೆರಳಿನಿಂದ ಒತ್ತಿದರೆ ಮಾತ್ರ ತಗ್ಗುವಂತಿದ್ದರೆ ಅದೇ ನಮಗೆ ಬೇಕಾದ ಉಂಡೆ ಪಾಕ. ಕಟಕ್ಕೆಂದು ಸದ್ದು ಮಾಡಿದರೆ ಏರು ಪಾಕವಾಯಿತೆಂದು ತಿಳಿದು, ಎರಡು ಚಮಚ ಬಿಸಿ ಕ್ರೀಮ್ ಸೇರಿಸಿ ಇಳಿಸಿಕೊಳ್ಳಬಹುದು.

ಬಿಸ್ಕತ್ತಿನ ಪುಡಿ, ಕೊಬ್ಬರಿ, ಉಪ್ಪನ್ನು ಮೊದಲೇ ಬೆರೆಸಿಟ್ಟುಕೊಂಡು, ಬಿಸಿಯಿರುವಾಗಲೇ ಕ್ಯಾರಮೆಲ್ಲನ್ನು ಸುರಿದು ಕಲಸಿ. ಪೂರ್ತಿ ಸುರಿಯದೆ ನಾಲ್ಕೈದು ಚಮಚದಷ್ಟು ಉಳಿಸಿಕೊಂಡಿರಿ. ಬಿಸ್ಕತ್ತು ಎಷ್ಟು ಹೀರುತ್ತದೆಂಬುದು ಅದರ ಜಾತಿಯ ಮೇಲೆ ನಿಂತಿದೆ. ಕೈ ತಾಳುವಷ್ಟು ಆರಿದ ಮೇಲೆ ಅಂಗೈಗೆ ಬೆಣ್ಣೆ ಸವರಿಕೊಂಡು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಬಟರ್ ಪೇಪರಿನ ಮೇಲೆ ಒಂದು ಗಂಟೆ ಹಾಗೆಯೇ ಬಿಡಿ. ಫ್ಯಾನಿನ ಕೆಳಗೆ, ಫ್ರಿಜ್ಜಿನ ಹೊರಗೆ. ಈ ಒಂದು ಗಂಟೆಯಲ್ಲಿ ಉಂಡೆ ತಳ ಊರದೆ ದುಂಡಗೆ ನಿಂತರೆ ಸಮಾರಂಭದ ದಿನವೂ ನಿಲ್ಲುತ್ತದೆ. ಊರಿದರೆ ಇನ್ನೆರಡು ಬಿಸ್ಕತ್ತು ಪುಡಿ ಮಾಡಿ ಸೇರಿಸಲು ಆಗಿನ್ನೂ ಅವಕಾಶವಿರುತ್ತದೆ.


ಉತ್ತರ: ಸಿಹಿಕೋಣೆ, ಬೆಂಗಳೂರು

ಹೂರಣದ ಬಗ್ಗೆ ಪಾಕಪ್ರಿಯರು ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಮನೆಯಿಂದಲೇ ಚಾಕೊಲೇಟ್ ಮಾಡಿ ಕೊಡುವ ಕೆಲಸ ನನ್ನದಾದ್ದರಿಂದ ಹೊದಿಕೆಯ ಬಗ್ಗೆ ಹೇಳುತ್ತೇನೆ.

ಅಸಲಿ ಚಾಕೊಲೇಟಿನಲ್ಲಿರುವುದು ಕೋಕೋ ಬೆಣ್ಣೆ. ಅದು ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ. ಬಾಯಿಗಿಟ್ಟ ಕೂಡಲೇ ಕರಗುವ ಸುಖಕ್ಕೆ ಕಾರಣವೂ ಅದೇ, ಪುತ್ತೂರಿನ ಮಧ್ಯಾಹ್ನದಲ್ಲಿ ನಿಮ್ಮ ಪೊಟ್ಟಣದೊಳಗೆ ಮೆತ್ತಗಾಗುವುದಕ್ಕೂ ಕಾರಣ ಅದೇ. ಜೊತೆಗೆ ಕೋಕೋ ಬೆಣ್ಣೆಯು ಹಲವು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ಒಂದು ಬಗೆಯ ಹರಳು ಮಾತ್ರ ಹೊಳಪನ್ನೂ ಮುರಿದಾಗ ಟಪ್ಪೆನ್ನುವ ಗುಣವನ್ನೂ ಕೊಡುತ್ತದೆ. ಅದನ್ನು ಪಡೆಯಲು ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಬೇಕು. ಈ ಟೆಂಪರಿಂಗ್ ಮಾಡದೆ ಸುಮ್ಮನೆ ಕರಗಿಸಿ ಅದ್ದಿದರೆ ಎರಡು ದಿನಗಳಲ್ಲಿ ಮೇಲ್ಮೈ ಬೂದು ಹಿಡಿದಂತೆ ಬೆಳ್ಳಗಾಗುತ್ತದೆ. ಅದು ಬೂಷ್ಟಲ್ಲ, ಮೇಲೆ ಬಂದ ಕೋಕೋ ಬೆಣ್ಣೆ. ತಿನ್ನಲು ತೊಂದರೆಯಿಲ್ಲ, ಆದರೆ ಅತಿಥಿಗಳಿಗೆ ಕೊಡುವಂತಿರುವುದಿಲ್ಲ. ಕೋಣೆಯೇ 32–33 ಡಿಗ್ರಿಯಲ್ಲಿರುವಾಗ ಚಾಕೊಲೇಟನ್ನು 27ಕ್ಕೆ ಇಳಿಸುವುದಾದರೂ ಹೇಗೆ? ಏಸಿ ಕೋಣೆಯಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಕಾಂಪೌಂಡ್ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬನ್ನು ಬಳಸಿರುತ್ತಾರೆ. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಎಂದು ಕಂಡರೆ ಅದು ಕಾಂಪೌಂಡ್. ಅದಕ್ಕೆ ಟೆಂಪರಿಂಗ್ ಬೇಡ, ಕರಗಿಸಿ ಅದ್ದಿದರೆ ಬೇಗ ಗಟ್ಟಿಯಾಗುತ್ತದೆ. ರುಚಿಯಲ್ಲಿ ಅದು ಅಸಲಿಗೆ ಸಾಟಿಯಲ್ಲವೆಂದು ನಾನು ಗಿರಾಕಿಗಳಿಗೂ ಮುಚ್ಚಿಡದೆ ಹೇಳುತ್ತೇನೆ. ನಾಲಿಗೆಯ ಮೇಲೆ ಮೇಣದ ಪದರ ಉಳಿದ ಅನುಭವವಾಗುತ್ತದೆ. ಆದರೆ ಈ ಉಂಡೆಯಲ್ಲಿ ಒಳಗಿನ ಕ್ಯಾರಮೆಲ್ ಮತ್ತು ಹುರಿದ ಕೊಬ್ಬರಿಯ ಘಮವೇ ಮುಂದಿರುವುದರಿಂದ, ಡಾರ್ಕ್ ಕಾಂಪೌಂಡನ್ನು ತೆಳ್ಳಗೆ ಹೊದಿಸಿದರೆ ಆ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ. ನಿಮ್ಮ ಹವೆಗೆ, ನಿಮ್ಮ ಸಮಾರಂಭಕ್ಕೆ ನಾನು ಅದನ್ನೇ ಹೇಳುವೆ. ರುಚಿಯನ್ನು ಹೆಚ್ಚಿಸುವ ಆಸೆಯಿಂದ ಎರಡನ್ನೂ ಅರ್ಧರ್ಧ ಬೆರೆಸಲು ಮಾತ್ರ ಹೋಗಬೇಡಿ. ಅವುಗಳ ಕೊಬ್ಬುಗಳು ಒಂದಕ್ಕೊಂದು ಹೊಂದುವುದಿಲ್ಲ. ಮಿಶ್ರಣ ಎರಡಕ್ಕಿಂತಲೂ ಮೆತ್ತಗಾಗಿ, ಬೇಗ ಬೆಳ್ಳಗಾಗುತ್ತದೆ. ತೆಳ್ಳಗಾಗಲೆಂದು ತೆಂಗಿನ ಎಣ್ಣೆ ಬೆರೆಸುವ ಉಪಾಯವೂ ಚಳಿಗಾಲಕ್ಕೆ ಸರಿಯೇ ಹೊರತು ಸೆಕೆಗಾಲಕ್ಕಲ್ಲ.

ಕರಗಿಸುವಾಗ ಬಿಸಿನೀರಿನ ಪಾತ್ರೆಯ ಮೇಲೆ ಒಣ ಬಟ್ಟಲಿಟ್ಟು, ಬಟ್ಟಲಿನ ತಳಕ್ಕೆ ನೀರು ತಾಗದಂತೆ ನೋಡಿಕೊಳ್ಳಿ. ಒಂದೆರಡು ಹನಿ ನೀರು ಬಿದ್ದರೂ ಚಾಕೊಲೇಟಿನಲ್ಲಿರುವ ಸಕ್ಕರೆಯ ಕಣಗಳು ಅದನ್ನು ಹಿಡಿದು ಒಂದಕ್ಕೊಂದು ಅಂಟಿಕೊಂಡು, ಇಡೀ ಮಿಶ್ರಣ ಹಿಟ್ಟಿನಂತೆ ಮುದ್ದೆಯಾಗುತ್ತದೆ. ಹಾಗಾದ ಚಾಕೊಲೇಟಿಗೆ ಬಿಸಿ ಕ್ರೀಮ್ ಬೆರೆಸಿ ಸಾಸ್ ಮಾಡಿಕೊಳ್ಳಬಹುದು, ಅದ್ದಲು ಮಾತ್ರ ಅದು ಬಾರದು. 35 ಉಂಡೆಗಳಿಗೆ 180ರಿಂದ 200 ಗ್ರಾಂ ಹತ್ತಿದರೂ 300 ಗ್ರಾಂ ಕರಗಿಸಿಕೊಳ್ಳಿ. ಬಟ್ಟಲಿನಲ್ಲಿ ಆಳವಿದ್ದರೇ ಉಂಡೆ ಸಲೀಸಾಗಿ ಮುಳುಗುತ್ತದೆ. ಉಳಿದದ್ದು ಮತ್ತೆ ಗಟ್ಟಿಯಾಗುತ್ತದೆ, ಬೇರೊಂದು ದಿನಕ್ಕಾಗುತ್ತದೆ.

ನಿಮ್ಮ ಹೊದಿಕೆ ಬಿರುಕು ಬಿಡುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಫ್ರಿಜ್ಜಿನಿಂದ, ಅದರಲ್ಲೂ ಫ್ರೀಜರಿನಿಂದ ತೆಗೆದ ಕೊರೆಯುವ ಉಂಡೆಯನ್ನು ಬಿಸಿ ಚಾಕೊಲೇಟಿನಲ್ಲಿ ಅದ್ದಿದರೆ ಹೊದಿಕೆ ತಕ್ಷಣ ಬಿಗಿದುಕೊಳ್ಳುತ್ತದೆ. ಆಮೇಲೆ ಒಳಗಿನ ಉಂಡೆ ಬೆಚ್ಚಗಾಗುತ್ತ ಹಿಗ್ಗಿದಾಗ ಹೊದಿಕೆ ಸೀಳುತ್ತದೆ. ಉಂಡೆಗಳು ಸ್ವಲ್ಪ ತಣ್ಣಗಿದ್ದರೆ ಸಾಕು. ಅದ್ದಿದ ಮೇಲೆ ಫೋರ್ಕನ್ನು ಬಟ್ಟಲಿನ ಅಂಚಿಗೆ ಮೆಲ್ಲಗೆ ತಟ್ಟಿ ಹೆಚ್ಚಿನ ಚಾಕೊಲೇಟನ್ನು ಇಳಿಸಿ. ಕ್ಯಾರಮೆಲ್ ಜಿನುಗುವುದು ಸಾಮಾನ್ಯವಾಗಿ ತಳದ ಸೂಜಿಮೊನೆಯಷ್ಟು ರಂಧ್ರದಿಂದ. ಆದ್ದರಿಂದ ಮೊದಲು ತಳಕ್ಕೆ ಮಾತ್ರ ಬೆರಳಿನಿಂದ ಚಾಕೊಲೇಟ್ ಸವರಿ, ಅದು ಗಟ್ಟಿಯಾದ ಮೇಲೆ ಪೂರ್ತಿ ಅದ್ದುವುದು ಒಳ್ಳೆಯದು. ಮೇಲೆ ಹುರಿದ ಕೊಬ್ಬರಿ ಉದುರಿಸುವುದಾದರೆ ಮೂರು ನಾಲ್ಕು ಉಂಡೆ ಅದ್ದಿದ ಕೂಡಲೇ ಉದುರಿಸಿ, ಎಲ್ಲ ಮುಗಿಯಲಿ ಎಂದು ಕಾದರೆ ಅಂಟುವುದಿಲ್ಲ.


ಉತ್ತರ: ತೆಂಗಿನತೋಟ, ತಿಪಟೂರು

ಹಸಿ ಕಾಯಿಯ ತುರಿಯಲ್ಲಿ ಹತ್ತಿರಹತ್ತಿರ ಅರ್ಧ ಪಾಲು ನೀರೇ. ಅದನ್ನು ಎಷ್ಟು ಹುರಿದರೂ ಹೊರಗೆ ಕೆಂಪಾಗಿ ಒಳಗೆ ಪಸೆ ಉಳಿಯುತ್ತದೆ, ಎರಡು ಮೂರು ದಿನಗಳಲ್ಲಿ ಉಂಡೆ ಹುಳಿವಾಸನೆ ಹಿಡಿಯುತ್ತದೆ. ಅದನ್ನು ಅಂದಂದಿನ ಬರ್ಫಿಗೆ ಇಟ್ಟುಕೊಳ್ಳಿ. ನಮ್ಮ ಕಡೆಯ ಉಂಡೆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ತಾನಾಗಿ ಒಣಗಿದ್ದು. ಪರಿಮಳದಲ್ಲಿ ಅಂಗಡಿಯ ಡೆಸಿಕೇಟೆಡ್ ಕೊಕೊನಟ್ ಪುಡಿ ಅದರ ಹತ್ತಿರಕ್ಕೂ ಬರುವುದಿಲ್ಲವೆಂದರೆ ಊರಿನ ಅಭಿಮಾನವೆಂದುಕೊಳ್ಳಬೇಡಿ, ಎರಡನ್ನೂ ಹುರಿದು ಮೂಸಿ ನೋಡಿ.

ಕೊಳ್ಳುವಾಗ ಒಂದನ್ನು ಒಡೆಸಿ ನೋಡಿ. ಒಳಮೈ ಬೆಳ್ಳಗಿದ್ದು, ಮುರಿದರೆ ಮುರಿಯಬೇಕು. ಹಳದಿ ತಿರುಗಿ, ಮೂಗಿಗೆ ಕನರು ವಾಸನೆ ಬಂದರೆ ಬೇಡ. ಕೊಬ್ಬರಿಯಲ್ಲಿ ಅರವತ್ತು ಪಾಲಿಗೂ ಮೇಲೆ ಎಣ್ಣೆಯಿರುವುದರಿಂದ ಹಳತಾದದ್ದು ಹುರಿದಾಗ ಇನ್ನಷ್ಟು ಕನರುತ್ತದೆ, ಚಾಕೊಲೇಟು ಅದನ್ನು ಮುಚ್ಚಲಾರದು. ಹೊರಗಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆದು ತೆಗೆದು ಆಮೇಲೆ ತುರಿಯಿರಿ. ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಕೈಯಲ್ಲೇ ತುರಿಯಬೇಕು. ಹುರಿಯುವುದು ಸಣ್ಣ ಉರಿಯಲ್ಲಿ, ಎಣ್ಣೆ ತುಪ್ಪ ಏನೂ ಹಾಕದೆ. ಮೊದಲ ನಾಲ್ಕು ನಿಮಿಷ ಏನೂ ಆಗುತ್ತಿಲ್ಲವೆನಿಸುತ್ತದೆ, ಆಮೇಲೆ ಒಂದೇ ನಿಮಿಷದಲ್ಲಿ ಬಣ್ಣ ಓಡುತ್ತದೆ. ಹೊಂಬಣ್ಣ ಬರುತ್ತಿದ್ದಂತೆ ಬಾಣಲೆಯಿಂದ ಅಗಲ ತಟ್ಟೆಗೆ ಸುರಿದುಬಿಡಿ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಸೀಯುತ್ತದೆ.


ಉತ್ತರ: ಹೊರನಾಡ ಕನ್ನಡತಿ, ನ್ಯೂಜೆರ್ಸಿ

ಬಿಸ್ಕತ್ತಿನ ಬಗ್ಗೆ ಯಾರೂ ಹೇಳದ ಕಾರಣ ನನ್ನದೂ ಒಂದು ಮಾತು. ಇಲ್ಲಿ ಆ ಬಿಸ್ಕತ್ತನ್ನು ಎರಡು ಬೇಕರಿಗಳು ತಯಾರಿಸುವುದರಿಂದ ಕೆಲವು ಊರುಗಳಲ್ಲಿ ಸಮೋವಾಸ್, ಕೆಲವು ಊರುಗಳಲ್ಲಿ ಕ್ಯಾರಮೆಲ್ ಡಿಲೈಟ್ಸ್ ಎಂದು ಮಾರುತ್ತಾರೆ. ಇಲ್ಲಿನವರು ಟ್ರಫಲ್ ಮಾಡುವಾಗ ಕ್ರೀಮ್ ಚೀಸ್ ಬೆರೆಸುವುದು ರೂಢಿ, ಆದರೆ ಅದು ಫ್ರಿಜ್ಜಿನಲ್ಲೇ ಇರಬೇಕಾದ ಪದಾರ್ಥ. ನಿಮ್ಮ ಪೊಟ್ಟಣಕ್ಕೆ ಹೊಂದುವುದಿಲ್ಲ.

ಮೂಲದಲ್ಲಿರುವುದು ಬೆಣ್ಣೆಯ ರುಚಿಯ, ಗರಿಗರಿಯಾದ, ಬಿಳಿ ಬಿಸ್ಕತ್ತು. ಬೆಂಗಳೂರು, ಮೈಸೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಸಿಗುವ ಬೆಣ್ಣೆ ಬಿಸ್ಕತ್ತು ಇದಕ್ಕೆ ಬಹಳ ಹತ್ತಿರ. ಆದರೆ ಅದರಲ್ಲಿ ಜಿಡ್ಡು ಹೆಚ್ಚಾದ್ದರಿಂದ ಕ್ಯಾರಮೆಲ್ಲನ್ನು ಅಷ್ಟಾಗಿ ಹೀರುವುದಿಲ್ಲ. ಮಾರಿ ಬಿಸ್ಕತ್ತು ಚೆನ್ನಾಗಿ ಹೀರುತ್ತದೆ, ಆದರೆ ಅದೊಂದೇ ಆದರೆ ಉಂಡೆ ಸಪ್ಪೆ. ಊರಿಗೆ ಬಂದಾಗ ನಾನು ಎರಡನ್ನೂ ಸಮಪಾಲು ಹಾಕುತ್ತೇನೆ. ಪೂರ್ತಿ ಹಿಟ್ಟಾಗುವಂತೆ ಪುಡಿ ಮಾಡಬೇಡಿ, ಮೂರನೆಯ ಒಂದು ಪಾಲು ರವೆಗಿಂತ ದಪ್ಪಗೆ ಉಳಿಯಲಿ. ಹಲ್ಲಿಗೆ ಏನೂ ಸಿಗದಿದ್ದರೆ ಅದು ಕುಕೀ ಟ್ರಫಲ್ ಎನಿಸುವುದಿಲ್ಲ.


ಪ್ರಶ್ನೆ ಕೇಳಿದವರು: ಕರಾವಳಿ ಅಡುಗೆ, ಪುತ್ತೂರು

ಎಲ್ಲರಿಗೂ ಧನ್ಯವಾದಗಳು. ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ. ಇನ್ನೆರಡು ಸಂಗತಿಗಳನ್ನು ಕೇಳಿಬಿಡುತ್ತೇನೆ. ಕಂಡೆನ್ಸ್ಡ್ ಮಿಲ್ಕಿನ ಡಬ್ಬಿಯನ್ನು ಒಡೆಯದೆ ಹಾಗೆಯೇ ಕುಕ್ಕರಿನಲ್ಲಿ ಬೇಯಿಸಿದರೆ ಕ್ಯಾರಮೆಲ್ ಆಗುತ್ತದೆಂದು ನೆರೆಮನೆಯವರು ಹೇಳುತ್ತಾರೆ, ಅದು ಸರಿಯೇ? ಮತ್ತು ನಮ್ಮ ಅತ್ತೆಯವರಿಗೆ ಸಕ್ಕರೆಗಿಂತ ಬೆಲ್ಲವೇ ಇಷ್ಟ. ಅವರ ಪಾಲಿಗೆ ಬೆಲ್ಲದಲ್ಲಿ ಒಂದಿಷ್ಟು ಮಾಡಬಹುದೇ?


ಉತ್ತರ: ಪಾಕಪ್ರಿಯ, ಮೈಸೂರು

ಡಬ್ಬಿಯನ್ನು ಒಡೆಯದೆ ಬೇಯಿಸುವುದು ದಯವಿಟ್ಟು ಬೇಡ. ಒಳಗಿನ ಒತ್ತಡದಿಂದ ಡಬ್ಬಿ ಸಿಡಿಯಬಹುದು, ಬಿಸಿ ಇರುವಾಗಲೇ ತೆರೆಯಲು ಹೋದರಂತೂ ಕುದಿಯುವ ಹಾಲು ಮುಖಕ್ಕೆ ಚಿಮ್ಮುತ್ತದೆ. ಅದೇ ಕೆಲಸ ಸುಲಭದಲ್ಲಿ ಆಗಬೇಕೆಂದರೆ, ಹಾಲನ್ನು ಸ್ಟೀಲಿನ ಡಬ್ಬಿಗೆ ಸುರಿದು, ತಟ್ಟೆ ಮುಚ್ಚಿ, ಇಡ್ಲಿ ಬೇಯಿಸುವ ಹಾಗೆ ಕೆಳಗೆ ನೀರಿಟ್ಟು ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ 30ರಿಂದ 40 ನಿಮಿಷ ಇಡಿ, ಒತ್ತಡ ತಾನಾಗಿ ಇಳಿದ ಮೇಲೆ ತೆಗೆಯಿರಿ. ಬಣ್ಣ ಬಂದಿರುತ್ತದೆ, ನೀರು ಇಂಗಿರುವುದಿಲ್ಲ. ಆದ್ದರಿಂದ ಬೆಣ್ಣೆಯೊಡನೆ ಬಾಣಲೆಯಲ್ಲಿ ಮಗುಚುವ ಕೆಲಸ ಹೇಗೂ ತಪ್ಪದು. ಆದರೆ ಹೊತ್ತು ಕಡಿಮೆ ಸಾಕು.

ಬೆಲ್ಲದ ವಿಷಯದಲ್ಲಿ ಕ್ರೀಮನ್ನು ಮರೆತುಬಿಡಿ. ಬೆಲ್ಲದಲ್ಲಿರುವ ಹುಳಿ ಅಂಶಕ್ಕೆ ಬಿಸಿ ಹಾಲು, ಕ್ರೀಮ್ ಒಡೆಯುವ ಸಾಧ್ಯತೆಯಿದೆ. ಅದರ ಬದಲು ಗಟ್ಟಿ ಕಾಯಿಹಾಲು ಹಾಕಿ. ಕಾಯಿಹಾಲು ಬೆಲ್ಲದ ಜೋಡಿ ನಿಮ್ಮ ಕಡೆಯವರಿಗೆ ನಾನು ಹೇಳಿಕೊಡಬೇಕಾದದ್ದಲ್ಲ. 200 ಗ್ರಾಂ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, 200 ಮಿಲಿಲೀಟರ್ ಮೊದಲ ಹಾಲು ಸೇರಿಸಿ ತಣ್ಣೀರಿನ ಪರೀಕ್ಷೆಯಲ್ಲಿ ಉಂಡೆ ಪಾಕ ಬರುವವರೆಗೆ ಕುದಿಸಿ. ಬೆಲ್ಲದ ಬಣ್ಣ ಮೊದಲೇ ಕಂದಾಗಿರುವುದರಿಂದ ಬಣ್ಣ ನೋಡಿ ಹದ ತಿಳಿಯಲು ಬರುವುದಿಲ್ಲ, ತಣ್ಣೀರನ್ನೇ ನಂಬಬೇಕು. ಬೆಲ್ಲ ಗಾಳಿಯ ಪಸೆಯನ್ನು ಸಕ್ಕರೆಗಿಂತ ಬೇಗ ಎಳೆದುಕೊಳ್ಳುವುದರಿಂದ ಆ ಉಂಡೆಗಳನ್ನು ಪೊಟ್ಟಣಕ್ಕೆ ಹಾಕದೆ ಮನೆಯ ಮಟ್ಟಿಗೆ ಇಟ್ಟುಕೊಳ್ಳಿ.


ಉತ್ತರ: ಸಿಹಿಕೋಣೆ, ಬೆಂಗಳೂರು

ಪೊಟ್ಟಣದ ಬಗ್ಗೆ ಒಂದು ವಿಷಯ ಬಿಟ್ಟುಹೋಗಿತ್ತು. ಮುಂಚಿತವಾಗಿ ಮಾಡಿ ಫ್ರಿಜ್ಜಿನಲ್ಲಿಡುವುದಾದರೆ ಗಾಳಿಯಾಡದ ಡಬ್ಬಿಯಲ್ಲಿಡಿ, ಹೊರತೆಗೆದ ಮೇಲೆ ಡಬ್ಬಿಯ ಮುಚ್ಚಳವನ್ನು ಕನಿಷ್ಠ ಒಂದು ಗಂಟೆ ತೆರೆಯಬೇಡಿ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ತಣ್ಣನೆಯ ಚಾಕೊಲೇಟಿನ ಮೇಲೆ ಅದು ಹನಿಗಟ್ಟಿ, ಸಕ್ಕರೆಯನ್ನು ಕರಗಿಸಿ, ಒಣಗಿದ ಮೇಲೆ ಬಿಳಿಯ ಒರಟು ಪದರವಾಗಿ ಉಳಿಯುತ್ತದೆ. ಬೆವರುವುದು ಡಬ್ಬಿಯ ಹೊರಮೈ ಆಗಲಿ. ಒಂದೊಂದು ಉಂಡೆಯನ್ನೂ ಸಣ್ಣ ಕಾಗದದ ಬಟ್ಟಲಿನಲ್ಲಿಟ್ಟು, ಪೊಟ್ಟಣಗಳನ್ನು ಸಮಾರಂಭದ ದಿನ ಬೆಳಿಗ್ಗೆಯೇ ತುಂಬಿಸಿ, ಅಡುಗೆ ನಡೆಯುವ ಕಡೆಯಿಂದ ದೂರದ ಕೋಣೆಯಲ್ಲಿಡಿ.